ಚುಕ್ಕೆ ಗುರುತಿನ ಪ್ರಶ್ನೆ

ನಾನು ಮಾತಾಡುವವನಲ್ಲ, ಬರೆದುಕೊಳ್ಳುವವನು.
ಮೂವತ್ತೊಂದು ವರ್ಷ ಸದನದ ಬಾವಿಯ ಪಕ್ಕ
ಗಿಡ್ಡ ಮೇಜಿಗೆ ಬಾಗಿ
ಬೈಗುಳವನ್ನೂ ಬಜೆಟ್ಟನ್ನೂ ಒಂದೇ ಪೆನ್ಸಿಲಿನಲ್ಲಿ
ಶೀಘ್ರಲಿಪಿಗೆ ಇಳಿಸಿದವನು.
ಆ ಲಿಪಿಯಲ್ಲಿ ಗೀಟು ಎಂದರೆ ವ್ಯಂಜನ,
ಪಕ್ಕದ ಚುಕ್ಕೆ ಸ್ವರ.
ಚುಕ್ಕೆ ಕೂದಲೆಳೆಯಷ್ಟು ಸರಿದರೂ
ಹಾಲು ಹುಲಿಯಾಗುತ್ತದೆ.

ಆ ಆಷಾಢ ಸದನ ಸಮಿತಿಯ ಹಿಂದೆ
ಹೊಸನಗರದ ಪ್ರವಾಸಿ ಮಂದಿರಕ್ಕೆ ಹೋದೆ.
ವಿಷಯ: ಭಯೋತ್ಪಾದನೆ ನಿಗ್ರಹ ಪಡೆಯ ಕಾರ್ಯಾಚರಣೆ, ಬಿಳಲುಕೊಪ್ಪದ ಕಾಡು.
ಸತ್ತವರು ಇಬ್ಬರು.
ಒಬ್ಬ ಪೇದೆ.
ಇನ್ನೊಬ್ಬ, ಕಡತದ ಪ್ರಕಾರ, ‘ಉಗ್ರ, ಹೆಸರು ತಿಳಿದಿಲ್ಲ’;
ಊರಿನವರ ಪ್ರಕಾರ ಹಸಲರ ಬೆಳ್ಯ,
ಉಪ್ಪಾಗೆ ಕೊಯ್ಯಲು ಹೋದವನು.

ಅಧ್ಯಕ್ಷೆ ನೀಲಾಂಬಿಕಾ ಅಂಗಡಿ, ಬಿಳಿಜೋಳದ ಸೀಮೆಯವರು,
ಇಂಬಳ ಕಂಡವರಲ್ಲ.
“ಏನ್ರೀ ಇದು, ಕಾಲಾಗ ರಕ್ತ!”
ಅಧಿಕಾರಿ ನಕ್ಕ. “ಕಚ್ಚಿದ್ದು ಗೊತ್ತಾಗಲ್ಲ ಮೇಡಂ,
ಮೊದಲು ಜೋಮು ಹಿಡಿಸುತ್ತೆ.”
“ಹೊಟ್ಟಿ ತುಂಬಿದ ಮ್ಯಾಲೆ?”
“ತಾನೇ ಉದುರುತ್ತೆ.”
“ಹಂಗಾರ ನಿಮ್ಮ ಕಾಯ್ದೆಗಿಂತ ಚಲೋ ಐತಿ ಬಿಡ್ರಿ.”
ಇದನ್ನು ಬರೆದುಕೊಳ್ಳಬೇಡಿ, ಎಂದರು ಕಾರ್ಯದರ್ಶಿ.
ಬರೆದಾಗಿತ್ತು.

ಆಮೇಲೆ ಲೆಕ್ಕ.
ಗುಂಡು ತಡೆಯುವ ಅಂಗಿ ಎಷ್ಟು ಕೊಂಡಿರಿ? ಅರವತ್ತು.
ಆ ರಾತ್ರಿ ಕಾಡಿಗೆ ಹೋದವರು? ಹದಿನೆಂಟು.
ತೊಟ್ಟವರು?
ಅಧಿಕಾರಿ ಕಡತ ತಿರುವಿದ. ಮತ್ತೊಮ್ಮೆ ತಿರುವಿದ.
ಮೂಲೆಯ ಕುರ್ಚಿಯಿಂದ ಪೇದೆಯ ತಾಯಿ,
ಶಿಕಾರಿಪುರದ ಗುತ್ಯಮ್ಮ, ಯಾರೂ ಕೇಳದಿದ್ದರೂ ಹೇಳಿದಳು:
“ನಮ್ ಹುಡ್ಗ ಸ್ವೆಟರ್ ಹಾಕ್ಕಂಡಿದ್ದ.
ನಾನೇ ಹೆಣೆದಿದ್ದು.”

ಚಹಾ ಬಂತು. ಯಾರೋ ಬಿಸ್ಕೆಟ್ ಮುರಿದರು.
ಬೆಳ್ಯನ ಹೆಂಡತಿ ಸುಬ್ಬಿ ಕುರ್ಚಿಯಲ್ಲಿ ಕೂರಲೊಪ್ಪಲಿಲ್ಲ,
ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದಳು:
“ರಾತ್ರೆ ಬಂದೋರ ಕೈಯಾಗೂ ಕೋವಿ,
ಬೆಳಗಾಗೆ ಬಂದೋರ ಕೈಯಾಗೂ ಕೋವಿ.
ಅವ್ರು ಅನ್ನ ಕೇಳಿದ್ರು.
ಇವ್ರು ಅನ್ನದ ಲೆಕ್ಕ ಕೇಳಿದ್ರು.
ನಾನೇನು ಮಾಡ್ಲಿ ಒಡೆಯಾ, ಒಂದು ತಪ್ಪಲೆ ಅನ್ನಕ್ಕೆ...”
ಕೊನೆಯ ಪದಕ್ಕೆ ಪೆನ್ಸಿಲ್ ಊರಿದೆ.
ನನ್ನ ಮಣಿಕಟ್ಟಿನಲ್ಲೂ ಒಂದು ಇಂಬಳವಿತ್ತೆಂದು
ಒಂದು ತೊಟ್ಟು ಹಾಳೆಗೆ ಬಿದ್ದ ಮೇಲೆ ತಿಳಿಯಿತು.

ಮೂರು ವಾರ ಕಳೆದು, ವಿಧಾನಸೌಧದ ನೆಲಮಾಳಿಗೆಯಲ್ಲಿ
ಅದನ್ನು ಬಿಡಿಸಿ ಬರೆಯಲು ಕೂತೆ.
ಗೀಟು ಸರಿಯಾಗಿದೆ: ಕ, ಟ್ಟ.
ಚುಕ್ಕೆಯಿರಬೇಕಾದಲ್ಲಿ ಕಂದು ಕಲೆ.
ಕೊಟ್ಟೆ ಅಂದಳೋ,
ಕೆಟ್ಟೆ ಅಂದಳೋ.
ಕಿವಿಯನ್ನು ಕೇಳಿದೆ, ಅದು ಎರಡಕ್ಕೂ ತಲೆಯಾಡಿಸಿತು.
‘ಕೊಟ್ಟೆ’ ಎಂದು ಟೈಪು ಮಾಡಿದೆ. ಅದು ಅಪರಾಧದ ಒಪ್ಪಿಗೆಯೂ ಆಗುತ್ತದೆಂದು
ಸಹಿ ಹಾಕುವಾಗ ಹೊಳೆಯಿತು.

ವರದಿ ಅಧಿವೇಶನದ ಕೊನೆಯ ಸಂಜೆ ಮಂಡನೆಯಾಯಿತು,
ಕೋರಂ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು.
ಇಂಬಳದ ಮಾತನ್ನು ಕಡತದಿಂದ ತೆಗೆಯಲಾಯಿತು.
ಮುಂದಿನ ಅಧಿವೇಶನದಲ್ಲಿ ನೀಲಾಂಬಿಕಾ ಎದ್ದರು.
ಚುಕ್ಕೆ ಗುರುತಿನ ಪ್ರಶ್ನೆ, ಸಂಖ್ಯೆ ಇನ್ನೂರ ಏಳು:
ಅಂಗಿ ತೊಟ್ಟವರು ಎಷ್ಟು ಮಂದಿ?
ಸತ್ತವನ ಹೆಸರು ಏನು?
ಉತ್ತರ: ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ.
ಅದರ ಮುಂದಿನದರಲ್ಲೂ ಎದ್ದರು. ಅದೇ ಉತ್ತರ, ಹೊಸ ಸಚಿವರು.
ಆಮೇಲೆ ಚುನಾವಣೆಯಲ್ಲಿ ಸೋತರು,
ಯಾವುದೋ ಕುಡಿಯುವ ನೀರಿನ ಪೈಪಿನ ಗಲಾಟೆಗೆ.

ನಿವೃತ್ತಿಯಾಗಿ ಶಿವಮೊಗ್ಗಕ್ಕೆ ಬಂದಿದ್ದೇನೆ, ವಿನೋಬನಗರ.
ಒಪ್ಪಿಸಬೇಕಿದ್ದ ಟಿಪ್ಪಣಿ ಪುಸ್ತಕ ಒಪ್ಪಿಸಿಲ್ಲ;
ಯಾರೂ ಕೇಳಲೂ ಇಲ್ಲ.
ಮುದ್ರಿತ ನಡಾವಳಿಯ ನನ್ನ ಪ್ರತಿಯಲ್ಲಿ
ಆ ಪದವನ್ನು ತಿದ್ದಿದೆ, ಅಳಿಸಿದೆ,
ಮತ್ತೆ ತಿದ್ದಿದೆ.
ಹಾಳೆ ಅಲ್ಲಿ ಸವೆದು ತೂತಾಗಿದೆ.
ದೀಪಕ್ಕೆ ಹಿಡಿದರೆ
ಬೆಳಕು ಬರುತ್ತದೆ, ಚುಕ್ಕೆಯಷ್ಟು.